ಎಡಗೈ ಯಾರದು?

ಇದನ್ನು ಹೇಳಬೇಕು ಎಂದು ಹೋದ ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಹಬ್ಬ ಕಳೆಯಲಿ ಎಂದೆ. ಮೊಮ್ಮಗಳ ಮದುವೆ ಆಗಲಿ ಎಂದೆ. ಕಣ್ಣಿನ ಆಪರೇಷನ್ ಮುಗಿಯಲಿ ಎಂದೆ. ಎಲ್ಲವೂ ಮುಗಿದವು. ನೆಪಗಳೂ ಮುಗಿದವು.

ಮಿಸ್ ಎಂದರೆ ನನಗೆ ಮೊದಲು ನೆನಪಾಗುವುದು ಅವರ ಕೈಗಳು. ನುಡಿಸಲು ಕೂರುವ ಮುಂಚೆ ಬೆಚ್ಚನೆಯ ನೀರಿನಲ್ಲಿ ಎರಡೂ ಕೈ ಅದ್ದಿ, ಸೆರಗಿಗೆ ಒರೆಸಿಕೊಂಡು, ಹಾಲು ಕರೆಯುವ ಹಾಗೆ ಒಂದೊಂದೇ ಬೆರಳನ್ನು ಬುಡದಿಂದ ತುದಿಯವರೆಗೆ ಎಳೆಯುತ್ತಿದ್ದರು. ಬೆರಳ ತುದಿಗಳು ರೊಟ್ಟಿ ತಟ್ಟುವವರ ಬೆರಳಿನಂತೆ ಚಪ್ಪಟೆ. ಬಳೆ ಬಿಚ್ಚಿ ಪಿಯಾನೋ ಮೇಲಿನ ಪಿಂಗಾಣಿ ಬಟ್ಟಲಿಗೆ ಹಾಕಿದರೆಂದರೆ ಇನ್ನು ಯಾರೂ ಮಾತಾಡಬಾರದು ಎಂದು ಅರ್ಥ.

ಹಾಸನದ ಒಂದು ಕಾನ್ವೆಂಟಿನಲ್ಲಿ ಅವರು ಪಿಯಾನೋ ಕಲಿಸುತ್ತಿದ್ದರು. ರಿಟೈರ್ ಆದ ಮೇಲೆ ನಮ್ಮ ಹೊಳೆನರಸೀಪುರಕ್ಕೆ, ಅಕ್ಕನ ಮನೆಗೆ ಬಂದರು. ಶಾಲೆಯವರು ಬೇಡವೆಂದು ಮೂಲೆಗೆ ಹಾಕಿದ್ದ ಹಳೆಯ ಪಿಯಾನೋವನ್ನು ಕೇಳಿ ಪಡೆದು ತೆಂಗಿನಕಾಯಿ ಲಾರಿಯಲ್ಲಿ ತಂದರು. ಇಳಿಸುವಾಗ ಹಮಾಲಿಯೊಬ್ಬ, "ಅಮ್ಮೋ, ಇದ್ರೊಳಗೆ ಎಣ ಗಿಣ ಇಲ್ಲ ತಾನೆ?" ಎಂದು ಕೇಳಿದನಂತೆ. "ಐತೆ ಕಣಪ್ಪ. ದಿನಾ ಬೆಳಿಗ್ಗೆ ಎಬ್ಬಿಸ್ತೀನಿ" ಎಂದರಂತೆ ಇವರು. ಊರಿನಲ್ಲೆಲ್ಲ ಅವರು ಮಿಸ್ಸೇ. ಎಮ್ಮೆ ಹಾಲು ತರುವವನಿಗೂ ಮಿಸ್ಸು, ನನಗೂ ಮಿಸ್ಸು.

ನನ್ನದು ಎಲೆಕ್ಟ್ರಿಕ್ ಅಂಗಡಿ. ಎಸ್ಸೆಸ್ಸೆಲ್ಸಿ ಮುಗಿಸಿ ಮೋಟಾರ್ ವೈಂಡಿಂಗ್ ಕಲಿತವನು. ಮೊಮ್ಮಗಳು ಆಡಿ ಬಿಟ್ಟಿದ್ದ ಕೀಬೋರ್ಡನ್ನು ಅಂಗಡಿಯಲ್ಲಿಟ್ಟುಕೊಂಡು, ಗಿರಾಕಿ ಇಲ್ಲದ ಹೊತ್ತಿನಲ್ಲಿ ಒತ್ತಿ ಒತ್ತಿ ಕಲಿತೆ. ಆಗ ಅರಕಲಗೂಡಿನಲ್ಲಿದ್ದ ರಿಟೈರ್ಡ್ ದನದ ಡಾಕ್ಟರೊಬ್ಬರು ನಮ್ಮಂಥವರನ್ನೆಲ್ಲ ಸೇರಿಸಿ ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದ್ದರು. ಪಿಯಾನೋ ಇದ್ದದ್ದು ಮಿಸ್ ಒಬ್ಬರಿಗೇ. ಮಿಕ್ಕವರದೆಲ್ಲ ಕೀಬೋರ್ಡು. ಚನ್ನರಾಯಪಟ್ಟಣದ ಒಬ್ಬ ಕೊಬ್ಬರಿ ವ್ಯಾಪಾರಿ ಇದ್ದ. ಮಲ್ಲಿಪಟ್ಟಣದ ಒಬ್ಬ ಹೆಂಗಸು ಹೊಲದ ಕೆಲಸ ಮುಗಿಸಿ ಬಂದು, ಮಗನ ಆಟದ ಕೀಬೋರ್ಡಿನಲ್ಲಿ ಒಂದೇ ಬೆರಳಲ್ಲಿ ನುಡಿಸಿ ಕಳಿಸುತ್ತಿದ್ದಳು.

ಗುಂಪಿನ ಕಟ್ಟಳೆ ಮಿಸ್ ಮಾಡಿದ್ದು. ಅವತ್ತು ನುಡಿಸಿದ್ದನ್ನು ಅವತ್ತೇ ಕಳಿಸಬೇಕು. ಒಂದೇ ಸಲಕ್ಕೆ ನುಡಿಸಬೇಕು, ಕತ್ತರಿಸಿ ಅಂಟಿಸಬಾರದು. ಕುಕ್ಕರ್ ಕೂಗಲಿ, ಕರು ಅರಚಲಿ, ಇರಲಿ. ಬಂದ ರೆಕಾರ್ಡಿಂಗಿಗೆ ದೀಪ ಹಚ್ಚುವ ಹೊತ್ತಿನೊಳಗೆ ಯಾರಾದರೂ ಉತ್ತರ ಕೊಡಲೇಬೇಕು. ಮೊದಲು ಚೆನ್ನಾಗಿರುವುದನ್ನು ಹೇಳಿ ಆಮೇಲೆ ತಪ್ಪು ಹೇಳಬೇಕು. "ನುಡಿಸಿದೋರು ಬಾಗಿಲು ತಟ್ಟಿದ ಹಾಗೆ. ಒಳಗಿದ್ದೋರು ಓಗೊಡಬೇಕು" ಎನ್ನುತ್ತಿದ್ದರು. ಮಲ್ಲಿಪಟ್ಟಣದವಳ ಒಂದು ಬೆರಳಿಗೂ ಅವರ ಉತ್ತರ ತಪ್ಪುತ್ತಿರಲಿಲ್ಲ. "ಇವತ್ತು ನೀನು ಅವಸರ ಮಾಡಲಿಲ್ಲ ಕಣಮ್ಮ, ಕೇಳೋಕೆ ಹಿತವಾಗಿತ್ತು" ಎಂದು ಬರೆಯುತ್ತಿದ್ದರು. ಅವಳು ಆ ಒಂದು ಸಾಲಿಗಾಗಿ ಮಾರನೆಯ ದಿನ ಮತ್ತೆ ಕೂರುತ್ತಿದ್ದಳು.

ಮಿಸ್ ಕಳಿಸುತ್ತಿದ್ದ ರೆಕಾರ್ಡಿಂಗುಗಳಲ್ಲಿ ಪಿಯಾನೋ ಜೊತೆಗೆ ಅವರ ಮನೆಯ ಸೀಲಿಂಗ್ ಫ್ಯಾನೂ ಕೇಳುತ್ತಿತ್ತು. ಸುತ್ತಿಗೊಮ್ಮೆ 'ಕಿರ್ರ್' ಎನ್ನುತ್ತಿತ್ತು. "ಮಿಸ್ಸು ತಾಳ ತಪ್ಪಿದ್ರೂ ಫ್ಯಾನ್ ತಪ್ಪಲ್ಲ" ಎಂದು ಕೊಬ್ಬರಿಯವನು ನಗಿಸುತ್ತಿದ್ದ.

ಈಗ ನನ್ನ ಕಥೆಗೆ ಬರುತ್ತೇನೆ. ನಮ್ಮವ್ವ ಮದುವೆ ಮನೆಗಳಲ್ಲಿ ಸೋಬಾನೆ ಹೇಳುವವಳು. ಅವಳ ಒಂದು ಪದದ ಧಾಟಿಯನ್ನು ನಾನು ಬಲಗೈಯಲ್ಲಿ ಕೂರಿಸಿಕೊಂಡೆ. ಎಡಗೈ ಮಾತ್ರ ಎಷ್ಟು ತಿಣುಕಿದರೂ ಬರಲಿಲ್ಲ. ಕೀಬೋರ್ಡಿನಲ್ಲಿ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿ ಎಡಗೈಯ ಒಂದು ಬೆರಳು ಊರಿದರೆ ಸಾಕು, ಎಡಗೈ ನುಡಿಸಬೇಕಾದದ್ದನ್ನೆಲ್ಲ ಯಂತ್ರವೇ ನುಡಿಸಿಕೊಳ್ಳುತ್ತದೆ. ಹಾಗೆ ಮಾಡಿ, 'ನಮ್ಮವ್ವನ ಪದ' ಎಂದು ಬರೆದು ಕಳಿಸಿದೆ. ಗುಂಪೇ ಎದ್ದು ಕುಣಿಯಿತು. ಡಾಕ್ಟರು, "ಎರಡೂ ಕೈ ಜೋಡಿ ಎತ್ತಿನ ಹಾಗೆ ಹೋಗುತ್ತಿವೆ" ಎಂದು ಬರೆದರು. ನಾನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಅದನ್ನು ಓದಿ ತೋರಿಸಿದೆ.

ದೀಪ ಹಚ್ಚುವ ಹೊತ್ತಿಗೆ ಮಿಸ್ ಬರೆದರು. "ಬಲಗೈ ನಿಮ್ಮದು. ತುಂಬ ಚೆನ್ನಾಗಿದೆ, ಯಾರೋ ಹಾಡಿದ ಹಾಗೇ ಇದೆ. ಎಡಗೈ ಪೆಟ್ಟಿಗೆಯದು. ನಿಮ್ಮ ಎಡಗೈ ಕಳಿಸಿ, ತಪ್ಪಿದ್ದರೂ ಪರವಾಗಿಲ್ಲ."

ಇಷ್ಟೇ. ಈಗ ಓದಿದರೆ ಅದರಲ್ಲಿ ಒಂದು ಮುಳ್ಳೂ ಕಾಣುವುದಿಲ್ಲ. ಅವತ್ತು ಮಾತ್ರ ಸಂತೆಯಲ್ಲಿ ಪಂಚೆ ಬಿಚ್ಚಿದಂತಾಯಿತು. ಕೊಬ್ಬರಿಯವನು ತಡಮಾಡದೆ ಬರೆದ: "ಏನ್ ಸಾ, ಎಡಗೈ ಬಾಡಿಗೇದಾ?" ಅದು ಗುಂಪಿನಲ್ಲೇ ನಿಲ್ಲಲಿಲ್ಲ. ಎದುರಿನ ಹೋಟೆಲಿನವನು ನಾನು ಹೋದಾಗಲೆಲ್ಲ, "ಬಾರಣ್ಣ, ಕಾಪಿ ಯಾವ ಕೈಗೆ ಕೊಡ್ಲಿ? ಸ್ವಂತದ್ದುಕ್ಕೋ ಬಾಡಿಗೇದುಕ್ಕೋ?" ಎನ್ನತೊಡಗಿದ. ನಾನು ನಗುತ್ತಿದ್ದೆ. ನಗುತ್ತಲೇ, ಈ ಹೆಂಗಸನ್ನು ಅದೇ ಗುಂಪಿನಲ್ಲಿ, ಅಷ್ಟೂ ಜನರ ಮುಂದೆ ತಲೆ ತಗ್ಗಿಸಿ ನಿಲ್ಲಿಸದಿದ್ದರೆ ನಾನು ನಮ್ಮಪ್ಪನ ಮಗನಲ್ಲ ಎಂದುಕೊಂಡೆ. ಆ ಮಾತನ್ನು ಜೇಬಿನಲ್ಲಿಟ್ಟುಕೊಂಡೇ ತಿರುಗಿದೆ. ಕೀಬೋರ್ಡ್ ಮುಟ್ಟಲಿಲ್ಲ. ಮಿಸ್ ಕಳಿಸಿದ್ದನ್ನು ಮಾತ್ರ ದಿನವೂ ಕೇಳುತ್ತಿದ್ದೆ. ಕಿವಿ ಹಾಕಿದ್ದು ಸಂಗೀತಕ್ಕಲ್ಲ, ತಪ್ಪಿಗೆ.

ಕೆಲವು ತಿಂಗಳ ಮೇಲೆ ಮಿಸ್ ಅವರ ಅಕ್ಕ ಫೋನ್ ಮಾಡಿದರು. "ಫ್ಯಾನ್ ಬದಲಾಯಿಸಿಕೊಡಪ್ಪ. ಆ ಸದ್ದಿಗೆ ಮಲಗೋಕೇ ಆಗಲ್ಲ." ಹೊಸ ಫ್ಯಾನ್ ಹಿಡಿದುಕೊಂಡು ಹೋದೆ. ಪಿಯಾನೋ ಕೋಣೆಗೆ ಒಂದು ಮಂಚ ಬಂದಿತ್ತು. ಮಿಸ್ ಮಂಚದ ಮೇಲೆ ಸೆರಗು ಹೊದ್ದು ಕುಳಿತಿದ್ದರು. ಪಿಯಾನೋ ಮುಚ್ಚಳ ಹಾಕಿತ್ತು, ಮೇಲೆ ಒಗೆದ ಬಟ್ಟೆ ಮಡಚಿಟ್ಟಿದ್ದರು. ಇದನ್ನೆಲ್ಲ ನೋಡಿದೆ. ನೋಡಿದ್ದು ಏನೆಂದು ಯೋಚಿಸಲಿಲ್ಲ.

ಹಳೆಯದನ್ನು ಇಳಿಸಿ ಹೊಸದನ್ನು ಏರಿಸಿದೆ. ಸದ್ದೇ ಇಲ್ಲದೆ ತಿರುಗಿತು. ಅಕ್ಕ ಕಾಫಿ ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟು ಒಳಗೆ ಹೋದರು. ಮಿಸ್ ಲೋಟ ಎತ್ತಿ ನನ್ನ ಕಡೆ ಚಾಚಿದರು.

ಎಡಗೈಯಲ್ಲಿ.

ನಮ್ಮ ಕಡೆ ನಾಯಿಗೂ ಎಡಗೈಯಲ್ಲಿ ಅನ್ನ ಹಾಕುವುದಿಲ್ಲ. ಮನೆಗೆ ಬಂದವನಿಗೆ ಎಡಗೈಯಲ್ಲಿ ಲೋಟ ಚಾಚುವುದೆಂದರೆ ಮುಖಕ್ಕೆ ಉಗಿದ ಹಾಗೆ. ನಲವತ್ತು ಮನೆಯ ಮಕ್ಕಳಿಗೆ ನಡತೆ ಕಲಿಸಿದ ಮಿಸ್ಸಿಗೆ ಇದು ಗೊತ್ತಿಲ್ಲವೇ? ಬೇಕೆಂದೇ ಮಾಡಿದರು, ನನ್ನ ಎಡಗೈಯನ್ನೇ ಆಡಿಕೊಳ್ಳುತ್ತಿದ್ದಾರೆ ಎಂದು ನನಗೆ ಖಾತ್ರಿಯಾಯಿತು. "ಏನೂ ಅಂದ್ಕೋಬೇಡಿ" ಎಂದರು ಸಣ್ಣ ದನಿಯಲ್ಲಿ. ಅದನ್ನೂ ಕುಹಕ ಎಂದೇ ತಿಳಿದೆ.

"ನಾನು ಕಾಪಿ ಬಿಟ್ಟಿದ್ದೀನಿ" ಎಂದು ಹಳೆಯ ಫ್ಯಾನನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟುಬಂದೆ. ಬಾಗಿಲಲ್ಲಿ ತಿರುಗಿ ನೋಡಿದಾಗ ಲೋಟ ಇನ್ನೂ ಅವರ ಕೈಯಲ್ಲೇ ಇತ್ತು.

ಆಮೇಲೂ ಮಿಸ್ ಗುಂಪಿಗೆ ರೆಕಾರ್ಡಿಂಗ್ ಕಳಿಸುತ್ತಲೇ ಇದ್ದರು. ಅವುಗಳಲ್ಲಿ ಅಲ್ಲಲ್ಲಿ ತಪ್ಪುಗಳಿದ್ದವು. ಜನಕ್ಕೆ ಅದೇ ಖುಷಿ. "ಮಿಸ್ಸೇ ತಪ್ತಾರೆ, ನಂದೇನು ಬುಡಿ" ಎಂದು ಮಲ್ಲಿಪಟ್ಟಣದವಳು ಎರಡನೆಯ ಬೆರಳಿಗೂ ಧೈರ್ಯ ಮಾಡಿದ್ದಳು. ಒಂದು ಸಂಜೆ ಅಂಗಡಿಯಲ್ಲಿ ಕುಳಿತು ಕೇಳುತ್ತಿದ್ದೆ. ಪಿಯಾನೋ ಹಿಂದೆ ಹಳೆಯ ಗೆಳೆಯನಂತೆ 'ಕಿರ್ರ್' ಕೇಳಿತು. ಮತ್ತೆ 'ಕಿರ್ರ್'.

ತಲೆ ಎತ್ತಿ ನೋಡಿದೆ. ಆ ಕಿರುಗುಟ್ಟುವ ಫ್ಯಾನು ನನ್ನ ಅಂಗಡಿಯ ಮೂಲೆಯಲ್ಲಿ, ಗುಜರಿ ಮೋಟಾರುಗಳ ಮೇಲೆ ರೆಕ್ಕೆ ಚಾಚಿಕೊಂಡು ಬಿದ್ದಿತ್ತು.

ಅಂದರೆ ಇವೆಲ್ಲ ಹಳೆಯ ರೆಕಾರ್ಡಿಂಗುಗಳು! ಅವತ್ತಿನದನ್ನು ಅವತ್ತೇ ಕಳಿಸಬೇಕು ಎಂದು ಕಟ್ಟಳೆ ಮಾಡಿದವರೇ ಹಳಸಿದ್ದನ್ನು ಬಿಸಿ ಮಾಡಿ ಬಡಿಸುತ್ತಿದ್ದರು. ನನಗಾದ ಸಂತೋಷವನ್ನು ಮುಚ್ಚಿಡುವುದಿಲ್ಲ. ಮಗಳು ಹುಟ್ಟಿದಾಗಲೂ ಅಷ್ಟು ಹಿಗ್ಗಿರಲಿಲ್ಲ. ತಕ್ಷಣ ಬರೆಯಲಿಲ್ಲ. ಹಣ್ಣಾಗಲಿ ಎಂದು ಕಾದೆ. ಮುಂದಿನ ವಾರ ಅವರ ಹೊಸ ರೆಕಾರ್ಡಿಂಗ್ ಬಂತು, ಎಲ್ಲರೂ ಹೊಗಳುವವರೆಗೆ ಬಿಟ್ಟೆ. ಆಮೇಲೆ ಗುಜರಿಯ ಮೇಲಿದ್ದ ಫ್ಯಾನಿನ ಫೋಟೋ ತೆಗೆದು ಗುಂಪಿಗೆ ಹಾಕಿ ಕೆಳಗೆ ಬರೆದೆ. "ಇದು ಮಿಸ್ ಮನೆಯ ಫ್ಯಾನು. ನಾನೇ ಬಿಚ್ಚಿ ತಂದು ತಿಂಗಳ ಮೇಲಾಯಿತು. ಇಲ್ಲಿ ಬಿದ್ದಿರುವ ಫ್ಯಾನು ಅವರ ಮನೆಯಲ್ಲಿ ಕೂಗುವುದು ಹೇಗೆ? ಹಾಗಾದರೆ ಈ ನುಡಿಸಿದ್ದು ಯಾವ ಕಾಲದ್ದು? ಚೆನ್ನಾಗಿದೆ ಎಂದು ಮೊದಲು ಹೇಳಬೇಕಂತೆ, ಹೇಳಿದ್ದೇನೆ."

ಕೊಬ್ಬರಿಯವನೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಿಸ್ ಬರೆದರು: "ನಿಜ. ಎಲ್ಲವೂ ಹಳೆಯವು. ತಪ್ಪಾಯಿತು." ಕಾರಣ ಹೇಳಲಿಲ್ಲ. ಡಾಕ್ಟರು ಕೇಳಿದರೂ ಹೇಳಲಿಲ್ಲ. ಗುಂಪು ಬಿಟ್ಟು ಹೋದರು. ಅವತ್ತು ಮನೆಯಲ್ಲಿ ಬಸ್ಸಾರು ಮಾಡಿದ್ದರು. ಎರಡು ಮುದ್ದೆ ಉಂಡೆ.

ಎರಡು ದಿನ ಬಿಟ್ಟು ಮಿಸ್ ಅವರಿಂದ ನನ್ನೊಬ್ಬನಿಗೇ ಒಂದು ರೆಕಾರ್ಡಿಂಗ್ ಬಂತು. ಬೈದಿರುತ್ತಾರೆ, ಇಲ್ಲ ಅತ್ತಿರುತ್ತಾರೆ ಎಂದುಕೊಂಡೆ. ಬೇಕೆಂದೇ ತೆರೆಯಲಿಲ್ಲ. ಬಾಗಿಲು ತಟ್ಟಿದರೆ ಓಗೊಡಬೇಕು ಎಂದವರು ಬಾಗಿಲಲ್ಲೇ ನಿಂತಿರಲಿ ಎನ್ನಿಸಿತು. ದೀಪ ಹಚ್ಚುವ ಹೊತ್ತು ಬಂತು, ಹೋಯಿತು. ಮಾರನೆಯ ದಿನವೂ ಬಂತು. ದಿನವೂ ಆ ಹೊತ್ತಿಗೆ ಫೋನ್ ತೆಗೆದು, ತೆರೆಯದ ಆ ರೆಕಾರ್ಡಿಂಗನ್ನು ನೋಡಿ, ಹಾಗೇ ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ಅದರಲ್ಲಿ ಒಂದು ರುಚಿ ಇತ್ತು.

ಮಳೆಗಾಲ ಶುರುವಾಗುವ ಹೊತ್ತಿಗೆ ಮಿಸ್ ತೀರಿಕೊಂಡ ಸುದ್ದಿ ಬಂತು. ಊರವನು, ಹೋಗದಿದ್ದರೆ ಚೆನ್ನಾಗಿರುವುದಿಲ್ಲ ಎಂದು ಹೋದೆ. ಅರಕಲಗೂಡಿನ ಡಾಕ್ಟರು ಬಂದಿದ್ದರು. ಮಲ್ಲಿಪಟ್ಟಣದವಳು ಬಸ್ಸಿನಲ್ಲಿ ಬಂದು ಪಿಯಾನೋ ಪಕ್ಕ ನಿಂತಿದ್ದಳು, ಅದನ್ನು ಮುಟ್ಟಿರಲಿಲ್ಲ.

ಅಕ್ಕ ನನ್ನನ್ನು ನೋಡಿ, "ಬಾರಪ್ಪ" ಎಂದರು. "ನೀನು ಫ್ಯಾನ್ ಹಾಕಿದ್ದು ಒಳ್ಳೇದಾಯ್ತು. ಲಕ್ವ ಹೊಡೆದ್ಮೇಲೆ ಆ ಮಂಚಾನೇ ಅವಳ ಮನೆ ಆಗೋಗಿತ್ತು."

"ಲಕ್ವಾನ?"

"ಬಲಗೈ ಪೂರ್ತಿ ಬಿದ್ದೋಗಿತ್ತು ಕಣಪ್ಪ. ಯಾರಿಗೂ ಹೇಳ್ಬೇಡ ಅಂತ ಆಣೆ ಹಾಕಿದ್ಲು. ಪಾಪ ಅನ್ನಿಸ್ಕೊಳೋದು ಅವಳಿಗೆ ಆಗ್ತಿರಲಿಲ್ಲ. ಚೆನ್ನಾಗಿ ಬರ್ಲಿಲ್ಲ ಅಂತ ಕಳಿಸದೇ ಫೋನಲ್ಲಿ ಇಟ್ಟಿದ್ದವು ಒಂದಷ್ಟಿದ್ವು. ಅವನ್ನೇ ಕಳಿಸ್ತಿದ್ಲು. ನಾನು ನಿಲ್ಸಿಬಿಟ್ರೆ ಮಲ್ಲಿಪಟ್ಣದೋಳೂ ನಿಲ್ಸಿಬಿಡ್ತಾಳೆ ಅಕ್ಕಾ, ಅನ್ನೋಳು. ಅವತ್ತು ನಿಂಗೆ ಎಡಗೈಲಿ ಕಾಪಿ ಕೊಟ್ಟೆ ಅಂತ ಎಷ್ಟು ನೊಂದ್ಕೊಂಡ್ಲು ಗೊತ್ತಾ? ಬೇಜಾರು ಮಾಡ್ಕೊಂಡು ಹೋದ್ರು ಅಕ್ಕಾ, ಅಂತ" ಎಂದರು.

ಅಕ್ಕನಿಗೆ ಆ ಫೋಟೋ ವಿಷಯ ಗೊತ್ತಿರಲಿಲ್ಲ. ಮಿಸ್ ಹೇಳಿರಲಿಲ್ಲ.

ಅಂಗಡಿಗೆ ಬಂದು ಷಟರ್ ಅರ್ಧ ಇಳಿಸಿ ಆ ರೆಕಾರ್ಡಿಂಗ್ ತೆರೆದೆ. ಮೊದಲು ಅವರ ದನಿ ಬಂತು, ನಾಲಿಗೆ ಸ್ವಲ್ಪ ತೊದಲುತ್ತಿತ್ತು. "ಇದು ಇವತ್ತಿನದು. ನಿಮ್ಮ ತಾಯಿಯವರ ಪದಕ್ಕೆ ಎಡಗೈ ಹಾಕಿದೀನಿ. ನನ್ನ ಹತ್ರ ಈಗ ಎಡಗೈ ಮಾತ್ರ ಇದೆ. ನಿಮ್ಮ ಹತ್ರ ಬಲಗೈ ಚೆನ್ನಾಗಿದೆ. ಸೇರಿಸ್ಕೊಂಡು ನುಡಿಸಿ. ನಿಧಾನ, ನಾನು ಕಾಯ್ತೀನಿ." ಆಮೇಲೆ ಪಿಯಾನೋ. ಅವ್ವನ ಸೋಬಾನೆಯನ್ನು ಅವರು ಕೇಳಿದ್ದು ನನ್ನ ಆ ಕಳ್ಳ ರೆಕಾರ್ಡಿಂಗಿನಲ್ಲಿ ಮಾತ್ರ. ಆದರೂ ಅವ್ವ ಎಲ್ಲಿ ಉಸಿರೆಳೆದುಕೊಳ್ಳುತ್ತಿದ್ದಳೋ ಅಲ್ಲಿ ಎಡಗೈ ನಿಲ್ಲುತ್ತಿತ್ತು. ನಿಂತಾಗ ಏನೂ ಕೇಳುತ್ತಿರಲಿಲ್ಲ. ನಾನು ಹಾಕಿದ ಹೊಸ ಫ್ಯಾನಿಗೆ ಸದ್ದೇ ಇರಲಿಲ್ಲ.

ಕೀಬೋರ್ಡಿನ ಧೂಳು ಒರೆಸಿ, ಆ ಎಡಗೈಗೆ ನನ್ನ ಬಲಗೈ ಕೂಡಿಸಲು ಬಹಳ ದಿನ ಹಿಡಿಯಿತು. ಒಂದು ದಿನ ಸರಿಯಾಗಿ ಕೂಡಿತು. ಇನ್ನೊಂದು ಫೋನಿನಲ್ಲಿ ಎರಡನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ ಗುಂಪಿಗೆ ಕಳಿಸಿದೆ, ಯಾವ ಮಾತೂ ಬರೆಯದೆ. ಡಾಕ್ಟರು ಹೊಗಳಿದರು. ಮಲ್ಲಿಪಟ್ಟಣದವಳು, ಫೋಟೋ ಹಾಕಿದ ದಿನದಿಂದ ಒಂದಕ್ಷರ ಬರೆಯದಿದ್ದವಳು, "ಅಣ್ಣಾ, ಅಳು ಬಂದ್ಬುಡ್ತು" ಎಂದಳು. ಆಗಲೂ ನಾನು ಬಾಯಿ ಬಿಡಲಿಲ್ಲ. ಹೊಗಳಿಕೆಯನ್ನು ತಿಂದು ಸುಮ್ಮನೆ ಕುಳಿತೆ. ಕೊನೆಗೆ ಕೊಬ್ಬರಿಯವನು ಕೇಳಿದ, ಈ ಸಲ ತಮಾಷೆಗಲ್ಲ: "ಸಾ, ನಿಜವಾಗ್ಲೂ ಕೇಳ್ತಾ ಇವ್ನಿ, ಈ ಎಡಗೈ ಯಾರ್ದು?"

ಆ ಪ್ರಶ್ನೆ ಬಂದು ವರ್ಷವಾಯಿತು. ಇವತ್ತು ಇದನ್ನು, ಮಿಸ್ಸನ್ನು ನೋಡದ ಹೊಸಬರಿಗೂ ತಿಳಿಯುವ ಹಾಗೆ ಮೊದಲಿನಿಂದ ಬರೆದು, ಗುಂಪಿಗೆ ಹಾಕುತ್ತಿದ್ದೇನೆ. ಹೊರಗೆ ಬೀದಿ ದೀಪ ಇನ್ನೂ ಹತ್ತಿಲ್ಲ.

ಬಲಗೈ ನನ್ನದು. ಆ ಫೋಟೋ ಹಾಕಿದ್ದೂ ಅದೇ ಕೈ. ಎಡಗೈ, ನಾನು ಒಂದು ಲೋಟ ಕಾಫಿಯನ್ನೂ ತೆಗೆದುಕೊಳ್ಳದ ಎಡಗೈ, ಮಿಸ್ ಅವರದು.