ಜಾಲರಿ ಕೊರೆದ ಸ್ಪೀಕರ್ ಪೆಟ್ಟಿಗೆ

ನನ್ನ ದನಿ ತೆಳು. ಹಿಂದಿನ ಬೆಂಚಿಗೆ ಕೇಳಿಸಬೇಕಾದರೆ ಕಿರುಚಬೇಕು. ಶಿಕಾರಿಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ನನಗೆ ಮಕ್ಕಳು ಇಟ್ಟಿದ್ದ ಅಡ್ಡಹೆಸರು ಸೊಳ್ಳೆ. ಅದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಅದಕ್ಕೆ ನಾನು ಬೇಜಾರು ಮಾಡಿಕೊಂಡವಳಲ್ಲ. ಬೇಜಾರಾದದ್ದು ನನ್ನ ದನಿ ಅವ್ವನಿಗೇ ಕೇಳಿಸದೆ ಹೋದಾಗ.

ತೊಂಬತ್ತರ ದಶಕದ ನಡುವಿನ ಮಾತು. ಮನೆಯಲ್ಲಿ ಇದ್ದವರು ನಾವಿಬ್ಬರೇ, ಅವ್ವ ಮತ್ತು ನಾನು. ಸೋಮವಾರ ಸಂಜೆ ಅವ್ವ ಓಣಿಯ ಹುಡುಗಿಯರನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ವಚನ ಹಾಡುವುದನ್ನು ಕಲಿಸುತ್ತಿದ್ದಳು. ಒಂದು ಸಲ ಜ್ವರ ಬಂದು ಮೂರು ವಾರ ಮಲಗಿ ಎದ್ದಾಗ ಕಿವಿ ಮಂದವಾಗಿತ್ತು. ಆದರೂ ಛಲ ಬಿಡದೆ ಹಾಡಲು ಕೂತಳು. ಶ್ರುತಿ ಎಲ್ಲೋ, ದನಿ ಎಲ್ಲೋ. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಕಿವಿ ಕೇಳಿಸದಿದ್ದರೇನು, ಕಣ್ಣು ಕಾಣುತ್ತಿತ್ತಲ್ಲ! ಅವತ್ತು ಪುಸ್ತಕ ಮುಚ್ಚಿಟ್ಟವಳು ಎರಡು ವರ್ಷ ಒಂದು ಸಾಲೂ ಗುನುಗಲಿಲ್ಲ. ಶಿವಮೊಗ್ಗದಿಂದ ಕಿವಿಯ ಮಿಷನ್ ಕೊಡಿಸಿದೆ. ಕುಂಯ್ ಅನ್ನುತ್ತದೆಂದು ಅದನ್ನು ತೆಗೆದು ಸಾಸಿವೆ ಡಬ್ಬಿಯ ಪಕ್ಕ ಇಟ್ಟುಬಿಟ್ಟಳು. ನನಗೆ ಅವ್ವ ಮತ್ತೆ ಹಾಡುವುದು ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ದಾರಿ ಸಿಕ್ಕಿದ್ದು ರೇಡಿಯೊ ರಿಪೇರಿ ಮಾಡುವ ಸಾಬರಿಂದ. ನಮ್ಮ ಟೇಪ್ ರೆಕಾರ್ಡರ್ ಸರಿ ಮಾಡಿ ಕೊಡಲು ಮನೆಗೆ ಬಂದಿದ್ದರು. ಅವರದು ಹೊಟ್ಟೆಯ ಆಳದಿಂದ ಏಳುವ ದಪ್ಪ ದನಿ. ಬಾಗಿಲಲ್ಲೇ ನಿಂತು, "ಅಮ್ಮಾರೇ, ಒಂದು ಲೋಟ ನೀರು ಕೊಡ್ರೀ" ಅಂದರು. ಆ ಕಡೆ ತಿರುಗಿ ಕೂತು ಅಕ್ಕಿ ಆರಿಸುತ್ತಿದ್ದ ಅವ್ವ ಎದ್ದು ಹೋಗಿ ನೀರು ತಂದುಕೊಟ್ಟಳು! ಅವರು ಹೋದ ಮೇಲೆ ಅವ್ವನ ಕಿವಿಗೆ ಬಾಯಿ ಹಚ್ಚಿ, ಅವರ ಮಾತು ಹೇಗೆ ಕೇಳಿಸಿತು ಎಂದು ಕೇಳಿದೆ.

"ಅವ್ರು ಮನುಷ್ಯರಂಗೆ ಮಾತಾಡ್ತಾರೆ. ನೀನು ಕುಂಯ್ ಕುಂಯ್ ಅಂತೀ," ಅಂದಳು.

ಡಾಕ್ಟರನ್ನು ಕೇಳಿದರೆ ಅದು ಹೌದು ಅಂದರು. ತೆಳು ಸದ್ದುಗಳು ಹೋಗಿವೆ, ದಪ್ಪ ಸದ್ದುಗಳು ಉಳಿದಿವೆ. ಅಯ್ಯೋ, ಇಷ್ಟು ದಿನ ಇದು ನನಗೆ ಹೊಳೆಯಲಿಲ್ಲವಲ್ಲ ಎಂದು ತಲೆ ಚಚ್ಚಿಕೊಂಡೆ. ನಮ್ಮ ಟೇಪ್ ರೆಕಾರ್ಡರಿನ ಸ್ಪೀಕರ್ ಅಂಗೈಯಷ್ಟಗಲ, ಅದರಿಂದ ಬರುವುದು ಬರೀ ತೆಳು ಸದ್ದು. ದಪ್ಪ ಸದ್ದನ್ನು ಹಾಗೇ ಎತ್ತಿಕೊಡುವ ಸೆಟ್ ಬೇಕಿತ್ತು. ಶಿವಮೊಗ್ಗದ ಅಂಗಡಿಯೊಂದರಲ್ಲಿ ಅಂಥ ಸಿ.ಡಿ. ಸೆಟ್ಟಿನ ಮುಂದೆ ಅವ್ವನನ್ನು ಕೂರಿಸಿದೆ. ಹಾಡು ಶುರುವಾದದ್ದೇ ತಡ, ಅವ್ವ ಕತ್ತು ತಿರುಗಿಸಿ ಪೆಟ್ಟಿಗೆ ಕಡೆ ನೋಡಿದಳು. ಆಮೇಲೆ ನಾನು ಬೆಲೆ ಕೇಳಿದೆ. ಬಳೆ ಮಾಡಿಸಲೆಂದು ನಾನು ಕೂಡಿಟ್ಟಿದ್ದ ಹಣ ಅದರ ಒಂದು ಪೆಟ್ಟಿಗೆಗೂ ಸಾಲುತ್ತಿರಲಿಲ್ಲ. ಸುಮ್ಮನೆ ಬಸ್ಸು ಹತ್ತಿ ಬಂದೆವು.

"ಅಂಗಡಿ ಸೆಟ್ ಯಾಕ್ರೀ ಟೀಚರ್ರೇ? ನಾವೇ ಕಟ್ಟೋಣ," ಅಂದರು ಸಾಬರು.

"ನಮ್ಮ ಟೇಪಿಗೇ ದೊಡ್ಡ ಸ್ಪೀಕರ್ ಹಾಕಿದ್ರೆ ಆಗಲ್ವಾ?"

"ಟೇಪಲ್ಲಿ ತಂಬೂರಿ ನಡುಗ್ತೈತ್ರೀ. ಸಿ.ಡಿ.ಯಲ್ಲಿ ಒಂದು ಕೂದಲೂ ಅಲ್ಲಾಡಲ್ಲ. ಅಮ್ಮಾರು ಶ್ರುತಿ ಹಿಡೀಬೇಕಲ್ಲ?"

ಈ ಮನುಷ್ಯ ನನಗಿಂತ ಚೆನ್ನಾಗಿ ವಿಜ್ಞಾನ ಓದಿದ್ದಾರೆ ಅನ್ನಿಸಿತು. ಕೆಲಸ ಶುರುವಾಯಿತು. ಗಲ್ಫಿನಿಂದ ಬಂದ ಅವರ ನೆಂಟರ ಮನೆಯಲ್ಲಿ ಸಿ.ಡಿ. ಇಡುವ ತಟ್ಟೆ ಸಿಕ್ಕಿಕೊಂಡು ಮೂಲೆ ಸೇರಿದ್ದ ಪ್ಲೇಯರ್ ಒಂದಿತ್ತು. ಅದನ್ನು ಅಗ್ಗಕ್ಕೆ ಕೊಡಿಸಿ, ಬಿಚ್ಚಿ ಒರೆಸಿ, ಓಡುವ ಹಾಗೆ ಮಾಡಿದರು. ಆಂಪ್ಲಿಫೈಯರನ್ನು ತಾವೇ ಜೋಡಿಸಿ, ಕೆಟ್ಟುಹೋದ ಸ್ಟೆಬಿಲೈಸರಿನ ತಗಡಿನ ಡಬ್ಬಿಯೊಳಗೆ ಕೂರಿಸಿದರು. ಸ್ಪೀಕರುಗಳನ್ನು ಮಾತ್ರ ಹೊಸದಾಗಿ ತರಿಸಿದರು. "ಇದ್ರಲ್ಲಿ ಜಿಪುಣತನ ಮಾಡಿದ್ರೆ ಎಲ್ಲಾ ಹಾಳು" ಅಂದರು. ಸ್ಟಾಫ್ ರೂಮಿನಲ್ಲಿ ಒಬ್ಬ ಮೇಷ್ಟ್ರು, "ಕೋಣನ ಮುಂದೆ ಕಿನ್ನರಿ ಬಾರಿಸಿದಂಗೆ ಆತಲ್ರೀ ಮೇಡಂ" ಎಂದು ನಕ್ಕರು. "ಬಾರಿಸೋದು ನಮ್ಮನೇಲಿ ಸಾರ್, ನೀವು ಯಾಕೆ ತಲೆ ಕೆಡಿಸ್ಕೊಂತೀರಿ?" ಅಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ಮೇಷ್ಟ್ರು ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ, ನನಗೂ ಅದೇ ಬೇಕಿತ್ತು.

ಉಳಿದದ್ದು ಸ್ಪೀಕರ್ ಕೂರಿಸುವ ಪೆಟ್ಟಿಗೆಗಳು. ಸಾಬರು ಒಂದು ಹಾಳೆಯಲ್ಲಿ ಅಳತೆ ಬರೆದುಕೊಟ್ಟು, ದಪ್ಪ ಹಲಗೆ ಇರಲಿ, ಸಂದು ಇರಬಾರದು ಎಂದರು. ಅವ್ವನ ತವರು ಸೊರಬ. ಅಲ್ಲಿ ಅವ್ವನ ಜೊತೆ ಆಡಿ ಬೆಳೆದ, ಅವಳನ್ನು ಅಕ್ಕ ಎಂದೇ ಕರೆಯುವ ಒಬ್ಬ ಗುಡಿಗಾರರಿದ್ದರು. ಗಂಧದ ಮರದಲ್ಲಿ ದೇವರು, ಬಾಸಿಂಗ, ಮಂಟಪ ಕೆತ್ತುವ ಮನೆತನ. ನಾನು ಅವರಿಗೆ ಮಾವ ಎನ್ನುತ್ತಿದ್ದೆ. ಹಲಸಿನ ಮರ ತಾವೇ ಹಾಕಿ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡರು. ಅವರದೊಂದು ಪದ್ಧತಿ: ಎಲೆ ಅಡಿಕೆ ಕೊಟ್ಟು ಕೆಲಸ ಒಪ್ಪಿಸಿದ ಮೇಲೆ, ಮುಗಿಯುವವರೆಗೆ ಯಾರೂ ಬಂದು ಇಣುಕಬಾರದು. ನಾನು ಎಲೆ ಅಡಿಕೆ ಕೊಟ್ಟೆ, ಅಳತೆಯ ಹಾಳೆ ಕೊಟ್ಟೆ. ಅಷ್ಟು ಸಾಲದು ಅನ್ನುವಂತೆ, "ಅವ್ವನಿಗೋಸ್ಕರ ಮಾವ, ಚೆನ್ನಾಗಿರ್ಲಿ" ಎಂದೂ ಸೇರಿಸಿದೆ. ಅಲ್ಲಿಗೆ ನನ್ನ ಕೆಲಸ ಕೆಟ್ಟಿತು.

ಎರಡು ತಿಂಗಳಿಗೆ ಪೆಟ್ಟಿಗೆಗಳು ಬಸ್ಸಿನ ಮೇಲೆ ಗೋಣಿ ಸುತ್ತಿಕೊಂಡು ಬಂದವು. ಬಿಚ್ಚಿ ನೋಡಿದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದರು. ಮುಂಭಾಗದ ಅಳತೆ ಸರಿಯಾಗಿತ್ತು. ಆದರೆ ಎರಡೂ ಬದಿಗೆ, ಮೇಲೆ, ಹಿಂದೆ ಎಲ್ಲಾ ಕಡೆ ಬಳ್ಳಿ, ಹೂವು, ಗಿಳಿ. ಅದೂ ಮೇಲೆ ಮೇಲೆ ಕೆತ್ತಿದ್ದಲ್ಲ, ತೂತು ಬೀಳುವಂತೆ ಕೊರೆದ ಜಾಲರಿ! ಈ ಕಡೆಯಿಂದ ನೋಡಿದರೆ ಆ ಕಡೆಯ ಗೋಡೆ ಕಾಣುತ್ತಿತ್ತು. ಅವ್ವ ಮಾತ್ರ ಪಕ್ಕದಲ್ಲಿ ಕೂತು ಒಂದೊಂದು ಗಿಳಿಯನ್ನೂ ಬೆರಳಲ್ಲಿ ಸವರಿ, "ನಮ್ಮೂರ ಕೈ ನೋಡೇ!" ಎಂದು ಹಿಗ್ಗಿಹೋದಳು.

ಸಾಬರು ಪೆಟ್ಟಿಗೆ ನೋಡಿ ಗಡ್ಡ ಕೆರೆದುಕೊಂಡರು. ನೋಡೇಬಿಡೋಣ ಎಂದು ಸ್ಪೀಕರ್ ಕೂರಿಸಿ, ವೈರು ಜೋಡಿಸಿ, ವಚನದ ಸಿ.ಡಿ. ಹಾಕಿದರು. ಹಾಡು ಬಂತು. ತಾಳ ಟಿಣಿಟಿಣಿ ಎಂದು ಕೇಳಿಸಿತು, ತಂಬೂರಿಯ ತಳವೇ ಇರಲಿಲ್ಲ. ಅವ್ವ ನನ್ನ ಮುಖ ನೋಡಿದಳು.

"ಶುರು ಮಾಡ್ರಿ ಮತ್ತೆ, ಯಾಕೆ ತಡ?" ಅಂದಳು.

ಹಾಡು ಆಗಲೇ ಅರ್ಧ ಮುಗಿದಿತ್ತು. ನಾನು ಒಳಗೆ ಹೋಗಿ ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ, ಚೆನ್ನಾಗಿಯೇ ಅತ್ತೆ. ಅತ್ತದ್ದು ಮುಗಿದ ಮೇಲೆ ಸಿಟ್ಟು ಬಂತು. ಅಂಟು, ಮರದ ಪುಡಿ ಕಲಸಿ ಆ ತೂತುಗಳನ್ನೆಲ್ಲ ಮೆತ್ತಿಬಿಡುತ್ತೇನೆ ಎಂದು ಹೊರಟರೆ, ಅವ್ವ ಪೆಟ್ಟಿಗೆಗೆ ಅಡ್ಡ ಕೂತಳು.

"ನನ್ನ ತವರಿನ ಕೆಲ್ಸಕ್ಕೆ ಕೊಚ್ಚೆ ಮೆತ್ತಬ್ಯಾಡ. ಕೇಳಿಸದಿದ್ರೆ ಬ್ಯಾಡ, ಕಣ್ಣಿಗಾದ್ರೂ ಇರ್ಲಿ."

ಮರುದಿನ ಭಾನುವಾರ. ಬೆಳಿಗ್ಗೆಯೇ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಸೊರಬಕ್ಕೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಟ್ಟುಕೊಂಡಿದ್ದೆ. ಮಾವ ಜಗಲಿಯಲ್ಲಿ ಉಳಿ ಮಸೆಯುತ್ತಿದ್ದರು. ನಾನು ಕಿರುಚಿದ್ದನ್ನೆಲ್ಲ ತಲೆ ಎತ್ತದೆ ಕೇಳಿಸಿಕೊಂಡರು.

"ಬೋಳು ಮರ ಈ ಜಗಲಿ ಇಳಿದ್ರೆ ನಮ್ಮಪ್ಪನ ಹೆಸರಿಗೆ ಕುಂದು, ಕೂಸೇ," ಅಂದರು. "ಅಲ್ದೆ, ಅಕ್ಕನಿಗೆ ಕೇಳಿಸ್ಲಿ ಅಂತ ಅಲ್ವಾ ನೀನು ಹೇಳಿದ್ದು? ಬಾಯಿ ಕಟ್ಟಿದ ಪೆಟ್ಟಿಗೆಯಿಂದ ಹಾಡು ಹೆಂಗೆ ಹೊರಗೆ ಬರ್ತದೆ ಅಂತ ಎಲ್ಲಾ ಕಡೆಗೂ ಬಾಯಿ ಬಿಡಿಸಿದೆ."

ಉಳಿದ ಬೈಗುಳವೆಲ್ಲ ನನಗೇ ಸಲ್ಲಬೇಕಿತ್ತು. ಹೈಸ್ಕೂಲಿನ ವಿಜ್ಞಾನದ ಮೇಡಂ ನಾನು. ಪೆಟ್ಟಿಗೆಗೆ ಯಾಕೆ ಸಂದು ಇರಬಾರದು ಎಂದು ಅವರಿಗೆ ಒಂದು ಮಾತು ಬಿಡಿಸಿ ಹೇಳಿದ್ದೆನೇ? ಅಳತೆಯ ಹಾಳೆ ಎಸೆದು ಬಂದಿದ್ದೆ. ಸ್ಪೀಕರಿನ ಹಿಂದಿನ ಗಾಳಿ ಹೊರಗೆ ಸೋರಿ ಮುಂದಿನ ಗಾಳಿಯ ಜೊತೆ ಕೂಡಿದರೆ ದಪ್ಪ ಸದ್ದು ಸತ್ತುಹೋಗುತ್ತದೆ ಎಂದು ಅಲ್ಲೇ ಜಗಲಿಯಲ್ಲಿ ಕೂತು ಪಾಠ ಮಾಡಿದೆ. ಮಾವ ಕೇಳಿದರು, ಎದ್ದರು, ಚೀಲಕ್ಕೆ ಉಳಿ, ಗರಗಸ ತುಂಬಿಕೊಂಡು ನನ್ನ ಜೊತೆಗೇ ಬಸ್ಸು ಹತ್ತಿದರು.

ನಮ್ಮ ಮನೆಗೆ ಬಂದವರೇ ಹಾಡು ಹಾಕಿಸಿ, ಜಾಲರಿಗೆ ಅಂಗೈ ಹಿಡಿದು ನೋಡಿದರು. "ಉಸಿರು ಸೋರ್ತಾ ಅದೆ ಮಾರಾಯ್ತಿ" ಅಂದರು. ಹೊರಗಿನ ಒಂದು ಗಿಳಿಯನ್ನೂ ಮುಟ್ಟಲಿಲ್ಲ. ಸಾಬರು ಸ್ಪೀಕರ್ ಬಿಚ್ಚಿಕೊಟ್ಟರು. ಮಾವ ಒಳಗಿನಿಂದ ಹಲಗೆ ಅಳೆದು, ಕತ್ತರಿಸಿ, ಅಂಟು ಬಳಿದು ಬಿಗಿಯಾಗಿ ಕೂರಿಸಿದರು. ನಾನು ಹಳೇ ದಿಂಬು ಹರಿದು ಬೂರುಗದ ಹತ್ತಿ ಒಳಗೆ ತುಂಬಿದೆ. ಹತ್ತಿ ಹಾರಿ ಸಾಬರ ಗಡ್ಡಕ್ಕೂ ಮಾವನ ಮೀಸೆಗೂ ಅಂಟಿತು. ಅವ್ವ ನೋಡಿ ನಕ್ಕಳು. ಅಂಟು ಒಣಗಲಿ ಎಂದು ಮಾವ ಎರಡು ದಿನ ನಮ್ಮಲ್ಲೇ ಉಳಿದರು.

ಮಂಗಳವಾರ ನಾನು ಸ್ಕೂಲಿಗೆ ರಜೆ ಹಾಕಿದೆ. ಊಟ ಆದ ಮೇಲೆ ಸಾಬರು ಬಂದು ಮತ್ತೆ ಎಲ್ಲ ಜೋಡಿಸಿ, ಅದೇ ಸಿ.ಡಿ. ಹಾಕಿ ಗುಂಡಿ ಒತ್ತಿದರು. ತಂಬೂರಿ ಎದ್ದಿತು. ಕೂತಿದ್ದ ಚಾಪೆಯಡಿಯ ನೆಲಕ್ಕೂ ತಾಗುವ ಹಾಗೆ, ತಳದ ಷಡ್ಜ. ಅವ್ವ ಕಣ್ಣು ಮುಚ್ಚಿದಳು. ನಾವು ಮೂವರೂ ಅವಳ ಬಾಯಿಯನ್ನೇ ನೋಡುತ್ತಿದ್ದೆವು. ಗಾಯಕರು ಒಂದು ಸಾಲು ಮುಗಿಸಿದರು, ಎರಡನೆಯದೂ ಮುಗಿಯಿತು. ಮೂರನೆಯ ಸಾಲಿಗೆ ಅವ್ವ ಬಾಯಿ ತೆರೆದಳು.

ಮೊದಲು ದನಿ ಜಾರಿತು. ನಿಲ್ಲಿಸಿದಳು. ತಂಬೂರಿಗಾಗಿ ಕಾದಳು. ಮತ್ತೆ ಹಿಡಿದಳು. ಕೆಳಗಿನ ಸ್ವರಗಳು ಸರಿಯಾಗಿ ಕೂತವು, ಮೇಲಕ್ಕೆ ಹೋದಾಗ ತಪ್ಪಿದವು. ಮತ್ತೆ ಕೆಳಗೆ ಇಳಿದು ಬಂದಾಗ ಶ್ರುತಿಯಲ್ಲಿ ನಿಂತಳು. ಹಾಡು ಮುಗಿದದ್ದೇ ನನ್ನ ಕೈ ಹಿಡಿದಳು.

"ಸುಳ್ಳು ಹೇಳಬ್ಯಾಡ. ಸರಿ ಇತ್ತೇನೆ?"

ಪೂರ್ತಿ ಸರಿ ಅನ್ನಲು ನಾಲಗೆ ಹೊರಳಿತ್ತು. ಆದರೆ ಅವ್ವನ ಎದುರು ನಾನು ಸುಳ್ಳು ಹೇಳಿ ಗೆದ್ದದ್ದಿಲ್ಲ. ಕಿವಿಯ ಹತ್ತಿರ ಬಾಯಿಟ್ಟು, ನನ್ನ ದನಿಯನ್ನು ಎಷ್ಟು ದಪ್ಪ ಮಾಡಬಹುದೋ ಅಷ್ಟು ದಪ್ಪ ಮಾಡಿ, "ಅರ್ಧ ಸರಿ ಇತ್ತವ್ವ" ಅಂದೆ.

ಅವ್ವ ಪೆಟ್ಟಿಗೆ ಕಡೆ ತಿರುಗಿದಳು. ಕಣ್ಣು ತುಂಬಿ ಬಂದವು.

"ಅರ್ಧ ಐತಾ?" ಅಂದಳು. "ಪೂರಾ ಹೋತು ಅಂತ ಎರಡು ವರ್ಷ ಬಾಯಿ ಮುಚ್ಕಂಡು ಕುಂತಿದ್ನಲ್ಲೇ! ಮೊದಲಿಂದ ಹಾಕು. ಸೋಮವಾರ ಹುಡುಗೀರಿಗೆ ಬರಾಕ್ ಹೇಳು. ನಗೋರು ಅರ್ಧ ನಗ್ಲಿ."