ಫೋನ್ ಎತ್ತುವವರು ಎಷ್ಟು ಜನ?

ಪುಣೆಯ ನಮ್ಮ ಅಂಗಡಿಯ ಫೋನ್ ಸತ್ತದ್ದು ನನ್ನ ಭಕ್ತಿಯಿಂದ. ಸುಳ್ಳು ಹೇಳಿ ಪಾಪ ಕಟ್ಟಿಕೊಳ್ಳಲಾರೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಖಂಡೇ ನವಮಿಯ ದಿನ (ನಿಮ್ಮಲ್ಲಿ ಕೆಲವರು ಆಯುಧ ಪೂಜೆ ಅನ್ನುತ್ತೀರಿ) ತಕ್ಕಡಿ, ನಟ್ಟು ಬಿಗಿಯುವ ಪಾನಾ, ಕಂಪ್ಯೂಟರ್, ಟೆಂಪೊ ಎಲ್ಲಕ್ಕೂ ಕುಂಕುಮ ಹಚ್ಚಿದೆ. ಆಗ ಗೋಡೆಯ ಮೇಲಿನ ಫೋನ್ ಬಾಕ್ಸ್ ಕಣ್ಣಿಗೆ ಬಿತ್ತು. ಹೊರಗಿನ ಕರೆಗಳನ್ನು ಕೌಂಟರಿಗೆ, ಗೋಡೌನಿಗೆ, ಮೇಲಿನ ನಮ್ಮ ಮನೆಗೆ ಹಂಚುವ ಬಾಕ್ಸ್ ಅದು. ವರ್ಷವಿಡೀ ದುಡಿಯುತ್ತದೆ, ಅದೇನು ಪಾಪ ಮಾಡಿದೆ? ನೀರು ಚಿಮುಕಿಸಿ, ಕುಂಕುಮ ಏರಿಸಿ, ಆಗಷ್ಟೇ ತೊಳೆದ ಚೆಂಡುಹೂವಿನ ಮಾಲೆ ಹಾಕಿದೆ. ಅದರ ನೆತ್ತಿಯಲ್ಲಿ ಗಾಳಿಯಾಡಲು ಸೀಳುಗಳಿರುತ್ತವೆ ಎಂದು ನನಗೆ ಯಾರು ಹೇಳಿದ್ದರು?

ಮರುದಿನ ಸ್ವಿಚ್ ಹಾಕಿದರೆ ಉಸಿರೇ ಇಲ್ಲ.

"ದೇವರಿಗೆ ಹಾಕೋ ಮಾಲಿ ಆ ಮಶೀನಿಗ್ಯಾಕ ಹಾಕಿದಿ?" ಅಂದರು ನಮ್ಮವರು.

"ಟೆಂಪೊಕ್ಕ ಹಾಕಿದಾಗ ಸುಮ್ನ ಇದ್ರಿ," ಅಂದೆ.

ರಿಪೇರಿಯವರು ಬಂದು ಮುಚ್ಚಳ ಬಿಚ್ಚಿದರು. ಒಳಗಿನ ಕುಂಕುಮ ನೋಡಿದರು, ನನ್ನ ಮುಖ ನೋಡಿದರು. ಹಳೆಯ ಮಾಡೆಲ್, ಒಳಗಿನ ಕಾರ್ಡ್ ಬದಲಿಸಬೇಕು, ಅದು ಸಿಕ್ಕರೆ ಹದಿನೈದು ದಿನ, ಸಿಗದಿದ್ದರೆ ಇಲ್ಲ. ಸಮಾಧಾನ ಅಂದರೆ ಅವರ ಮನೆಯಲ್ಲೂ ಖಂಡೇ ನವಮಿ ಇದೆ, ಹಾಗಾಗಿ ಬೈಯಲಿಲ್ಲ. ಅಷ್ಟಾದರೂ ದೇವರು ಕಾಪಾಡಿದ.

ಹದಿನೈದು ದಿನ ಯಾರು ಕಾಯುತ್ತಾರೆ? ನಮ್ಮವರು ಕ್ಲೌಡ್ ಫೋನ್ ಮಾರುವವನನ್ನು ಮನೆಗೆ ಕರೆಸಿದರು. ಬೆಂಗಳೂರಿನ ಹುಡುಗ, ಬಾಯಿ ತುಂಬ ಮಾತು.

"ಆಂಟಿ, ಈಗ ಬಾಕ್ಸ್ ಯಾರೂ ಇಡಲ್ಲ. ಎಲ್ಲಾ ಕ್ಲೌಡಲ್ಲೇ, ಅಂದ್ರೆ ಇಂಟರ್‌ನೆಟ್ಟಲ್ಲೇ ಇರತ್ತೆ. ಅಂಕಲ್ ಮದುವೆಗೆ ಅಂತ ಭೋರ್ ಊರಿಗೆ ಹೋಗಿದ್ರೂ ಅಂಗಡಿ ನಂಬರ್ ಅವರ ಮೊಬೈಲಲ್ಲೇ ರಿಂಗ್ ಆಗತ್ತೆ."

(ಅಕ್ಷತೆ ಹಾಕುವಾಗಲೂ ಅಂಗಡಿಯ ಮಾತು. ಇದನ್ನು ಸೌಕರ್ಯ ಅನ್ನಬೇಕೇ?)

ಅಲ್ಲೇ ಕೂತು ಹೂಬತ್ತಿ ಹೊಸೆಯುತ್ತಿದ್ದ ನಮ್ಮ ಅತ್ತೆ ಕೇಳಿದರು: "ಕೆಟ್ರ ರಿಪೇರಿಗೆ ಯಾರ್ ಬರ್ತಾರಪಾ?"

"ಯಾರೂ ಬರೋದೇ ಬೇಡ ಅಜ್ಜಿ. ಅಲ್ಲಿಂದಾನೇ ಸರಿ ಮಾಡ್ತಾರೆ."

"ಹಂಗಾರ ಚಾ ಯಾರಿಗೆ ಕೊಡೋದು?"

ಅವನು ನಕ್ಕ. ಆಮೇಲೆ ಇವರತ್ತ ತಿರುಗಿ, "ಯೂಸರ್ಸ್ ಎಷ್ಟು ಜನ ಅಂಕಲ್? ತಲೆಗಿಷ್ಟು ಅಂತ ತಿಂಗಳಿಗೆ ಚಾರ್ಜು," ಅಂದ.

"ಮೂರು ಮಂದಿ. ನಾ, ನನ್ನ ತಮ್ಮ, ಗೋಡೌನಿನವ್ರು."

ಇಲ್ಲಿ ಅತ್ತೆಯ ಬಗ್ಗೆ ಹೇಳಬೇಕು. ಪುಣೆಯ ಅಂಗಡಿಗಳಿಗೆ ಮಧ್ಯಾಹ್ನದ ನಿದ್ದೆ ಸಂವಿಧಾನವೇ ಕೊಟ್ಟ ಹಕ್ಕಿನ ಹಾಗೆ. ಒಂದರಿಂದ ನಾಲ್ಕು ನಮ್ಮ ಶಟರೂ ಇಳಿದಿರುತ್ತದೆ. ಆ ಮೂರು ತಾಸು ಕರೆಗಳು ಬರುತ್ತಿದ್ದದ್ದು ಮೇಲೆ, ಅತ್ತೆಯ ಮಂಚದ ಪಕ್ಕದ ಕಪ್ಪು ಫೋನಿಗೆ. ಅವರಿಗೆ ಮಂಡಿನೋವು, ಕಣ್ಣು ಮಂಜು, ಮೆಟ್ಟಿಲಿಳಿದು ವರ್ಷಗಳಾದವು. ಆದರೆ ಕಿವಿ, ನೆನಪು ಎರಡೂ ಗಟ್ಟಿ. ಕಾರ್ಖಾನೆಗಳ ಪೈಪಿನ ಜೋಡಣೆ ಸೋರದಂತೆ ನಡುವೆ ಕೂರಿಸುವ ಗ್ಯಾಸ್ಕೆಟ್ ನಮ್ಮ ವ್ಯಾಪಾರ. ಯಾರಿಗೆ ಯಾವ ಅಳತೆಯದು ಎಷ್ಟು ಬೇಕು ಎಂಬುದನ್ನು ತಲೆಯಲ್ಲಿಟ್ಟುಕೊಂಡು ನಾಲ್ಕಕ್ಕೆ ಮಗನಿಗೆ ಒಪ್ಪಿಸುತ್ತಿದ್ದರು. ತೀರಾ ಅರ್ಜೆಂಟ್ ಇದ್ದರೆ ಮಲಗಿದವರನ್ನು ಎಬ್ಬಿಸಿ ಟೆಂಪೊ ಹೊರಡಿಸುತ್ತಿದ್ದರು. ಅಳತೆ ಒಮ್ಮೆಯೂ ತಪ್ಪಿಲ್ಲ.

ಆ ತಲೆಯೇ ತಲೆ ಲೆಕ್ಕದಲ್ಲಿಲ್ಲ.

"ಮಧ್ಯಾಹ್ನ ರೆಕಾರ್ಡಿಂಗ್ ಹಾಕಿಬಿಡೋಣ," ಅಂದ ಹುಡುಗ. ಅತ್ತೆಯ ಬೆರಳುಗಳು ಬತ್ತಿಯ ಮೇಲೆ ನಿಂತವು. "ಛಲೋ ಆತು. ನಾನೂ ಮಧ್ಯಾಹ್ನ ಮಲಗ್ತೀನಿ ಬಿಡು," ಅಂದರು. ನಾನು ಬಾಯಿ ಬಿಡಬೇಕಿತ್ತು. ಬಾಕ್ಸ್ ಕೊಂದವಳು ಯಾವ ಬಾಯಿಂದ ಮಾತಾಡಲಿ?

ಅಂದೇ ಸಂಜೆ ಕ್ಲೌಡ್ ಫೋನ್ ಶುರುವಾಯಿತು. ಅತ್ತೆ ಮಾತ್ರ ಮಧ್ಯಾಹ್ನ ಮಲಗಲಿಲ್ಲ. ಆ ಸತ್ತ ಫೋನಿನ ಪಕ್ಕ ಕೂತು ದಿನವೂ ಬತ್ತಿ ಹೊಸೆದರು. ಕಾರ್ತಿಕ ಮಾಸ ಪೂರ್ತಿ ಹಚ್ಚಿದರೂ ಮುಗಿಯದಷ್ಟು ಬತ್ತಿ.

ಎಂಟನೆಯ ದಿನ ಸಂಜೆ ಕುರಕುಂಭದ ಒಂದು ಕಾರ್ಖಾನೆಯ ಸ್ಟೋರ್ ನೋಡಿಕೊಳ್ಳುವ ಜಾಧವ್ ಅಂಗಡಿಗೆ ಬಂದರು. ಇಷ್ಟು ವರ್ಷಗಳಲ್ಲಿ ಅವರ ಮುಖ ನೋಡಿದ್ದು ಅದೇ ಮೊದಲು. ಕೈಯಲ್ಲಿ ಬಾಳೆಹಣ್ಣಿನ ಚೀಲ. "ಆಜಿ ಕುಠೆ ಆಹೇತ?" ಅಜ್ಜಿ ಎಲ್ಲಿ, ಅಂತ ಕೇಳಿದರು.

ಆಗಿದ್ದು ಇಷ್ಟು. ಹಿಂದಿನ ದಿನ ಮಧ್ಯಾಹ್ನ ಎರಡಕ್ಕೆ ಅವರ ಕಾರ್ಖಾನೆಯಲ್ಲಿ ಪೈಪ್ ಸೋರಿದೆ. ಫೋನ್ ಮಾಡಿದರೆ ಯಾವುದೋ ಹೆಣ್ಣುದನಿ ಇಂಗ್ಲಿಷಿನಲ್ಲಿ ಒಂದು ಒತ್ತಿ, ಎರಡು ಒತ್ತಿ ಅಂದು, ಕೊನೆಗೆ ಆಫೀಸು ಮುಚ್ಚಿದೆ ಅಂದಿದೆ. ಅಜ್ಜಿಗೆ ಏನೋ ಆಗಿಹೋಗಿದೆ ಅಂದುಕೊಂಡಿದ್ದಾರೆ. ಪುಣೆಯಲ್ಲಿ ಬೇರೆ ಕೆಲಸವಿತ್ತು, ಮುಖ ತೋರಿಸಿ ಹೋಗೋಣ ಅಂತ ಬಂದಿದ್ದಾರೆ.

"ಮತ್ತ ಗ್ಯಾಸ್ಕೆಟ್?" ಅಂದರು ನಮ್ಮವರು, ಮರಾಠಿ ಮರೆತು.

ಅದನ್ನು ಬೇರೆಯವರಿಂದ ತರಿಸಿಕೊಂಡಾಗಿತ್ತು. ನಮ್ಮ ಪಾಲಿಗೆ ಬಂದದ್ದು ಬಾಳೆಹಣ್ಣು.

ಮೇಲೆ ಬಂದು ಅತ್ತೆಯನ್ನು ಕಣ್ಣಾರೆ ನೋಡಿದ ಮೇಲೆಯೇ ಅವರು ಚಹಾ ಮುಟ್ಟಿದ್ದು. ಅತ್ತೆ ಕೇಳಿದ ಮೊದಲ ಪ್ರಶ್ನೆ: ಸೋರಿದ್ದು ಮೂರಿಂಚಿನದೋ ನಾಲ್ಕಿಂಚಿನದೋ?

ಮರುದಿನ ಬೆಳಿಗ್ಗೆ ನಮ್ಮವರು ಕ್ಲೌಡ್ ಹುಡುಗನನ್ನು ಮತ್ತೆ ಕರೆಸಿದರು. ಅತ್ತೆಗೆ ಮೊಬೈಲ್ ಆಗದು, ಗುಂಡಿ ಒತ್ತುವ ಫೋನೇ ಬೇಕು, ಇಲ್ಲದಿದ್ದರೆ ಹಳೆಯ ಬಾಕ್ಸಿಗೇ ಕಾಯುತ್ತೇವೆ ಅಂದರು.

"ಅಯ್ಯೋ, ಟೇಬಲ್ ಫೋನೂ ಬರತ್ತೆ ಅಂಕಲ್. ಇಂಟರ್‌ನೆಟ್ ವೈರ್‌ಗೆ ಚುಚ್ಚಿದ್ರೆ ಆಯ್ತು. ನೀವು ಕೇಳ್ಲೇ ಇಲ್ಲ."

ನಾವು ಕೇಳಲಿಲ್ಲ, ಅವನು ಹೇಳಲಿಲ್ಲ. ಬಾಕ್ಸು ಗೋಡೆಯಲ್ಲಿರಬೇಕೋ ಇನ್ನೆಲ್ಲೋ ಇರಬೇಕೋ ಎಂದು ಎಲ್ಲರೂ ತಲೆ ಕೆಡಿಸಿಕೊಂಡರು. ಫೋನ್ ಬಂದರೆ ಎತ್ತುವವರು ಯಾರು ಎಂಬುದು ಯಾರಿಗೂ ಹೊಳೆಯಲಿಲ್ಲ. ರಸ್ತೆ ಅಗೆದು ಇಂಟರ್‌ನೆಟ್ ಹೋದ ದಿನ ಏನು ಗತಿ ಎಂದು ನಾನು ಕೇಳಿದ್ದಕ್ಕೆ, ಕರೆ ಅಂಕಲ್ ಮೊಬೈಲಿಗೆ ಹೋಗುತ್ತದೆ ಅಂದ. ಮಲಗಿದವರು ಏಳಲಿ, ಒಳ್ಳೆಯದೇ.

ಅವನು ಫಾರ್ಮ್ ತೆಗೆದ. "ನಾಲ್ಕನೇ ಯೂಸರ್, ಅಜ್ಜಿ. ಡೆಸಿಗ್ನೇಶನ್ ಏನು ಹಾಕ್ಲಿ?"

ಇವರು ತಡವರಿಸಿದರು. ಅತ್ತೆ ತಡವರಿಸಲಿಲ್ಲ. "ಮಾಲಕ್ರು ಅಂತ ಬರಿ. ಅಂಗಡಿ ನನ್ನ ಹೆಸರಿಲೇ ಅದ."

ಮೂರರ ಮುಂದೆ ನಾಲ್ಕು ಎಂದು ಎಣಿಸಲು, ಬಿ.ಕಾಂ. ಮುಗಿಸಿದ ನಮ್ಮವರಿಗೆ ಒಂಬತ್ತು ದಿನ ಬೇಕಾಯಿತು.