ವಿಭೂತಿ ಡಬ್ಬಿಯೊಳಗಿನ ಮೆಮೊರಿ

ಕಂಪ್ಯೂಟರ್ ಮೂರು ಸಲ ಉದ್ದಕ್ಕೆ ಕೂಗಿ ಸುಮ್ಮನಾಯಿತು. ಪರದೆ ಮಾತ್ರ ಕಪ್ಪಾಗಿಯೇ ಇತ್ತು. ಹಿಂದೆ ನಿಂತಿದ್ದ ಅಪ್ಪಾಜಿ, "ಏನಂತೆ ಅದಕ್ಕೆ?" ಎಂದರು. ನಾನು ಮತ್ತೆ ಸ್ವಿಚ್ ಆರಿಸಿ ಹಾಕಿದೆ. ನನಗೆ ತಾನೆ ಎಲ್ಲಿ ಗೊತ್ತು!

ಆ ಹಳೇ ಡಬ್ಬದೊಳಗೆ ಅಪ್ಪಾಜಿಯ ಇಪ್ಪತ್ತೆರಡು ವರ್ಷದ ಮಳೆ ಇತ್ತು. ಬೆಳಗೋಡಿನ ಹತ್ತಿರದ ನಮ್ಮ ಸಣ್ಣ ಕಾಫಿ ತೋಟದಲ್ಲಿ ದಿನಾ ಬೆಳಿಗ್ಗೆ ಅವರು ಅಂಗಳದ ಮಾಪಕದಲ್ಲಿ ಬಿದ್ದ ಮಳೆಯನ್ನು ಅಳೆದು, "ಒಂದು ಇಂಚು ಇಪ್ಪತ್ತು ಸೆಂಟು" ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಇಂಚಿನ ನೂರರಲ್ಲೊಂದು ಪಾಲೇ ಸೆಂಟು. ಒಳಗೆ ಕೂತು ಟೈಪ್ ಮಾಡುವುದು ನನ್ನ ಕೆಲಸ. ಮೊದಮೊದಲು ಅವರು ಬರೆದಿಟ್ಟಿದ್ದ, ನಾನು ಟೈಪ್ ಮಾಡಿ ಮುಗಿಸಿದ್ದ ಪುಸ್ತಕಗಳನ್ನೆಲ್ಲ ಗೆದ್ದಲು ತಿಂದಿತ್ತು. ಕಾಫಿ ಹೂ ಅರಳಿಸುವ ಹೂಮಳೆ ತಡವಾದಾಗ ಸುತ್ತಿನ ತೋಟದವರು, ಹೋದ ಸಲ ಯಾವಾಗ ಬಂದಿತ್ತು ಎಂದು ಕೇಳುವುದು ಅಪ್ಪಾಜಿಯನ್ನೇ. ಅವರ ಗತ್ತೆಲ್ಲ ಅದರಲ್ಲೇ ಇತ್ತು. ಪೆನ್ ಡ್ರೈವಿಗೆ ಹಾಕಿಡುತ್ತೇನೆಂದು ವರ್ಷದಿಂದ ಹೇಳುತ್ತಾ ಬಂದ ಸೋಮಾರಿ ನಾನು.

ಕಂಪ್ಯೂಟರ್ ತೀರಾ ನಿಧಾನವಾಗಿತ್ತು. ಹಳೇ ಮೆಮೊರಿ ಪಟ್ಟಿಯನ್ನು, ಅಂದರೆ ರ‍್ಯಾಮ್ ಅನ್ನು, ಕಿತ್ತು ಸಕಲೇಶಪುರದ ಅಂಗಡಿಗೆ ಒಯ್ದು, ಅದೇ ಜಾತಿಯ ದೊಡ್ಡದೊಂದನ್ನು ತಂದಿದ್ದೆ. ಹೊಸದನ್ನು ಹಾಕಿದ್ದೇ ತಡ, ಈ ಕೂಗಾಟ. ಮಳೆಯ ಲೆಕ್ಕ ಇರುವುದು ಹಾರ್ಡ್ ಡಿಸ್ಕಿನಲ್ಲಿ, ಮೆಮೊರಿಯಲ್ಲಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನಾಲ್ಕು ಸಲ ಸ್ವಿಚ್ ಆರಿಸಿ ಹಾಕಿದ ಮೇಲೆ ಅದಕ್ಕೂ ಏನೋ ಮಾಡಿಬಿಟ್ಟೆನೇ ಎಂಬ ಹೆದರಿಕೆ ಶುರುವಾಯಿತು.

ಅಂಗಡಿಯವನಿಗೆ ಫೋನ್ ಮಾಡಿ ರೇಗಿದೆ. "ಹಳೇದನ್ನೇ ಹಾಕಿ ನೋಡಿ ಸಾರ್," ಎಂದ ಅವನು.

ಹಳೇದು ಮೇಜಿನ ಮೇಲಿರಲಿಲ್ಲ. ಚೀಲ ಕೊಡವಿದೆ, ಮೇಜಿನಡಿ ತೆವಳಿದೆ. ಎದ್ದಾಗ ಅಪ್ಪಾಜಿ ದೇವರ ಮನೆಯ ಬಾಗಿಲಲ್ಲಿ ನಿಂತಿದ್ದರು.

"ನಾನೇ ಎತ್ತಿಟ್ಟೀನಿ ಕಣೋ. ಮೆಮೊರಿ ಅಂದ್ಯಲ್ಲ, ಮಳೆ ಎಲ್ಲ ಅದ್ರಲ್ಲೇ ಐತೆ ಅಂದ್ಕಂಡೆ. ಎಲ್ಲಾದ್ರೂ ಬಿದ್ದೋಗ್ಬುಟ್ರೆ?"

ಅವರು ವಿಭೂತಿ ಡಬ್ಬಿಯ ಮುಚ್ಚಳ ತೆಗೆದರು. ಮನೆಯ ಪತ್ರ, ಅಮ್ಮನ ಕಿವಿಯೋಲೆ ಎಲ್ಲಕ್ಕೂ ಕಾವಲು ದೇವರ ಮನೆಯೇ. ಮೆಮೊರಿ ಪಟ್ಟಿ ವಿಭೂತಿಯ ಪುಡಿಯಲ್ಲಿ ಅರ್ಧ ಹೂತುಹೋಗಿತ್ತು.

"ಅಪ್ಪಾಜಿ, ನಿಮಗೆ ತಲೆ ನೆಟ್ಟಗಿದೆಯಾ? ಇದೂ ಹಾಳಾಯ್ತು, ಎಲ್ಲಾ ಹೋಯ್ತು!" ಎಂದು ಕಿರುಚಿದೆ. ಅವರು ಗೋಡೆ ಹಿಡಿದು ಬೆಂಚಿನ ಮೇಲೆ ಕೂತರು.

ನನ್ನ ಮಗಳ ಶಾಲೆಯ ರಬ್ಬರ್ ತಂದು ಪಟ್ಟಿಯ ಚಿನ್ನದ ಬಣ್ಣದ ಹಲ್ಲುಗಳನ್ನು ಉಜ್ಜತೊಡಗಿದೆ. ರಬ್ಬರಿಗೆ ಬಿಳಿ ಹತ್ತುತ್ತಲೇ ಇತ್ತು. ಮೆತ್ತನೆ ಬ್ರಶ್ಶಿನಿಂದ ಸಂದುಗಳನ್ನು ಒರೆಸಿ, ಅದರ ಜಾಗದಲ್ಲಿಟ್ಟು ಎರಡೂ ಹೆಬ್ಬೆರಳಿನಿಂದ ಒತ್ತಿದೆ. ಟಕ್ ಎಂದು ಕೊಂಡಿ ಕೂತಿತು. ಸ್ವಿಚ್ ಹಾಕಿದೆ. ಒಂದೇ ಸಣ್ಣ ಕೂಗು, ಆಮೇಲೆ ಪರದೆಯ ತುಂಬ ನೀಲಿ ಬೆಳಕು.

ಆಗ ಹೊಳೆಯಿತು. ಹೊಸದನ್ನು ಹಾಕಿದಾಗ ಈ ಟಕ್ ಸದ್ದು ಬಂದಿರಲೇ ಇಲ್ಲ. ಮುರಿದೀತೆಂದು ಹೆದರಿ ನಾನು ಪೂರ್ತಿ ಒತ್ತಿರಲಿಲ್ಲ. ಕಂಪ್ಯೂಟರ್ ಆರಿಸಿ ಅದನ್ನೂ ಪಕ್ಕದ ಸಂದಿಗೆ ಸರಿಯಾಗಿ ಒತ್ತಿ ಕೂರಿಸಿದೆ. ಎರಡೂ ನಡೆದವು. ವಿಭೂತಿಯದ್ದಲ್ಲ, ಅಂಗಡಿಯವನದ್ದಲ್ಲ, ಮೊದಲ ತಪ್ಪು ನನ್ನದೇ.

"ತಪ್ಪಾಯ್ತು ಅಪ್ಪಾಜಿ. ನಾನೇ ಸರಿಯಾಗಿ ಒತ್ತಿರಲಿಲ್ಲ. ಮಳೆ ಎಲ್ಲಾ ಇದೆ, ಬಂದು ನೋಡಿ," ಎಂದೆ.

ಅವರು ನೋಡಲು ಬರಲಿಲ್ಲ. ಒಳಗೆ ಹೋಗಿ ಮಗಳ ಖಾಲಿ ನೋಟ್ ಪುಸ್ತಕ ತಂದು, ಪೆನ್ನು ಹಿಡಿದು ನನ್ನೆದುರು ಕೂತರು. "ಮೊದಲ್ನೇ ವರ್ಷದಿಂದ ಓದು."

ಇಷ್ಟು ವರ್ಷ ಅವರು ಕೂಗಿ ನಾನು ಬರೆದಿದ್ದೆ. ಈಗ ನಾನು ಓದಿದೆ, ಅವರು ಬರೆದುಕೊಂಡರು. ಬೇಗ ಮುಗಿಯಲೆಂದು ಸೊನ್ನೆ ಇದ್ದ ದಿನಗಳನ್ನು ಹಾರಿಸಿದೆ. ತಾರೀಕು ಹಾರಿದ್ದು ತಿಳಿದು ಪೆನ್ನು ನಿಂತಿತು.

"ಸೊನ್ನೆ ಬಿಡ್ಬೇಡ ಕಣೋ," ಎಂದರು. "ಮಳೆ ಬರ್ದಿರೋ ದಿನಾನೂ ನಾನು ಹೋಗಿ ನೋಡೀನಿ."